ತಿಂಗಳು ತುಂಬದ ಮಗುವಿನ ನೋಟ

ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ತಾಯಂದಿರೂ ಅಜ್ಜಿಯರೂ ನಮ್ಮಲ್ಲಿ ಮೊದಲು ಕೇಳುವುದು ತೂಕದ ವಿಚಾರ, ಆಮೇಲೆ ಹಾಲಿನ ವಿಚಾರ. ಮೂರನೆಯ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ: “ಮೂರು ತಿಂಗಳಾಯ್ತು ಡಾಕ್ಟ್ರೇ, ಮಗು ಮುಖಾನೇ ನೋಡಲ್ಲ, ನಗೋದೂ ಇಲ್ಲ. ಕಣ್ಣು ಕಾಣುತ್ತೋ ಇಲ್ವೋ?” ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಕಣ್ಣು ಆರೋಗ್ಯವಾಗಿದೆಯೇ ಎಂಬುದು ಒಂದು. ಮುಖ ನೋಡಿ ನಗುವ ಕಾಲ ಆ ಮಗುವಿಗೆ ಬಂದಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಯಬಾರದು. ಎರಡನೆಯದಕ್ಕೆ ಕಾಯಬೇಕು. ನಮ್ಮ ಭಾಗದ ಅನೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ನಗಲಿಲ್ಲವೆಂದು ಮೂರನೆಯ ತಿಂಗಳಿಗೇ ಕಳವಳಪಡುತ್ತಾರೆ. ಕಣ್ಣಿನ ಪರೀಕ್ಷೆಯನ್ನು ಮಾತ್ರ “ಬಾಣಂತನ ಮುಗಿಯಲಿ” ಎಂದು ಮುಂದಕ್ಕೆ ಹಾಕುತ್ತಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನೇ ವಿವರವಾಗಿ ಬರೆಯುತ್ತಿದ್ದೇವೆ.

ಗರ್ಭಕ್ಕೆ 37 ವಾರಗಳು ತುಂಬುವ ಮೊದಲು ಆಗುವ ಹೆರಿಗೆಯನ್ನು ಅವಧಿಪೂರ್ವ ಜನನವೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಇಂತಹ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ತಾಯಿಯ ರಕ್ತಹೀನತೆ, ಏರಿದ ರಕ್ತದೊತ್ತಡ, ಸೋಂಕು, ಅವಳಿ ಗರ್ಭ, ತೀರ ಎಳೆಯ ವಯಸ್ಸಿನ ಬಸಿರು ಇವೆಲ್ಲ ಕಾರಣಗಳಾಗಬಹುದು. ಎಷ್ಟೋ ಸಲ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲು ಯಾವ ವೈದ್ಯರಿಗೂ ಆಗುವುದಿಲ್ಲ. ಹೀಗಿರುವಾಗ ಗ್ರಹಣದ ದಿನ ಹೊರಗೆ ಬಂದಳು, ಪರಂಗಿ ಹಣ್ಣು ತಿಂದಳು ಎಂದು ಮನೆಯ ಸೊಸೆಯನ್ನು ವರ್ಷಗಟ್ಟಲೆ ದೂರುವುದು ಅನ್ಯಾಯ. ಹಾಗೆ ದೂರುವವರು ಏಳನೆಯ ತಿಂಗಳಲ್ಲೂ ಆಕೆ ಟೊಮೇಟೊ ತೋಟದಲ್ಲಿ ಕ್ರೇಟು ಹೊರುತ್ತಿದ್ದಾಗ, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದಿನವಿಡೀ ನಿಂತಿದ್ದಾಗ ಏನೂ ಹೇಳಿರುವುದಿಲ್ಲ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನೂ ತಿಳಿಯಾಗಿಸಬೇಕು. “ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯದು” ಎಂಬ ಮಾತಿಗೆ ಆಯುರ್ವೇದವೇ ಆಧಾರವೆಂದು ಹಲವರು ತಿಳಿದಿದ್ದಾರೆ. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮತ್ತು ಗರ್ಭದ ನಡುವೆ ಸ್ಥಿರವಾಗಿ ನಿಲ್ಲದೆ ಇರುವುದರಿಂದ ಆಗಿನ ಹೆರಿಗೆ ಅಪಾಯಕರವೆಂದು ಹೇಳಿರುವುದು ನಿಜ. ಅದರ ತಾತ್ಪರ್ಯ ಆ ತಿಂಗಳಲ್ಲಿ ಗರ್ಭಿಣಿಯನ್ನು ಹೆಚ್ಚು ಜೋಪಾನ ಮಾಡಿರೆಂಬುದೇ ಹೊರತು ಏಳನೆಯ ತಿಂಗಳ ಹೆರಿಗೆ ಲೇಸೆಂಬುದಲ್ಲ. ಗರ್ಭದಲ್ಲಿ ಉಳಿದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ, ಮೆದುಳಿಗೆ, ಕಣ್ಣಿಗೆ ಲಾಭ.

ಕಣ್ಣಿಗೆ ಆಗುವ ಲಾಭವೇನೆಂದು ನೋಡೋಣ. ಗರ್ಭದಲ್ಲಿ ಶಿಶುವಿನ ರೆಪ್ಪೆಗಳು ಸುಮಾರು ಆರು ತಿಂಗಳವರೆಗೆ ಅಂಟಿಕೊಂಡೇ ಇರುತ್ತವೆ. ಬಳಿಕ ರೆಪ್ಪೆ ತೆರೆಯುತ್ತದೆ, ಬೆಳಕಿಗೆ ಮುಚ್ಚುತ್ತದೆ. ಬೆಳಕಿಗೆ ಪಾಪೆ ಕಿರಿದಾಗುವುದು 30 ವಾರಗಳ ನಂತರ ಕ್ರಮೇಣ ಬರುವ ಗುಣ. ಒಂದು ವಸ್ತುವಿನ ಮೇಲೆ ಕ್ಷಣಕಾಲ ನೋಟ ನಿಲ್ಲಿಸುವ ಶಕ್ತಿ 32ರಿಂದ 34 ವಾರಗಳ ಸುಮಾರಿಗೆ ಮೊಳೆಯುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಹುಟ್ಟಿದ ದಿನ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 25 ಸೆಂಟಿಮೀಟರ್, ಎಂದರೆ ಒಂದು ಗೇಣು ದೂರ ಮಾತ್ರ. ಎದೆಹಾಲು ಕುಡಿಯುವಾಗ ಮಗುವಿನ ಕಣ್ಣಿಗೂ ತಾಯಿಯ ಮುಖಕ್ಕೂ ಇರುವ ಅಂತರ ಅಷ್ಟೇ. ಸುತ್ತಲಿನ ಎಷ್ಟೋ ವಸ್ತುಗಳ ನಡುವೆ ಶಿಶು ಎರಡು ಕಣ್ಣು ಒಂದು ಬಾಯಿಯಿರುವ ಆಕೃತಿಯ ಕಡೆಗೇ ತಿರುಗುತ್ತದೆ. ಆರರಿಂದ ಎಂಟು ವಾರಗಳಲ್ಲಿ ಆ ಮುಖಕ್ಕೆ ನಗೆಯಿಂದ ಉತ್ತರ ಕೊಡುತ್ತದೆ.

ಎಂಟು ವಾರ ಮೊದಲೇ ಹುಟ್ಟಿದ ಮಗು ಈ ಸಿದ್ಧತೆಯ ನಡುವೆಯೇ ಎದ್ದು ಬಂದಂತೆ. ಅದರ ವಯಸ್ಸನ್ನು ಎಣಿಸುವ ಕ್ರಮವೇ ಬೇರೆ. ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕ ಮಾರ್ಚ್ 1 ಎಂದಿಟ್ಟುಕೊಳ್ಳಿ. ಮಗು ಜನವರಿ ಮೊದಲ ವಾರದಲ್ಲೇ ಹುಟ್ಟಿತು. ಮೇ 1ಕ್ಕೆ ಮನೆಯವರ ಲೆಕ್ಕದಲ್ಲಿ ಅದಕ್ಕೆ ಸುಮಾರು ನಾಲ್ಕು ತಿಂಗಳು. ಬೆಳವಣಿಗೆಯ ಲೆಕ್ಕದಲ್ಲಿ ಎರಡೇ ತಿಂಗಳು. ಇದನ್ನು ತಿದ್ದಿದ ವಯಸ್ಸು ಎನ್ನುತ್ತೇವೆ. ಆ ಮಗು ನಗಬೇಕಾದುದು ಏಪ್ರಿಲ್ ಮಧ್ಯದಿಂದ ಆ ತಿಂಗಳ ಕೊನೆಯೊಳಗೆ. ಫೆಬ್ರವರಿಯಲ್ಲಿ ನಗಲಿಲ್ಲವೆಂದು ಅಳುವುದು ಇನ್ನೂ ಹುಟ್ಟಬೇಕಾಗಿದ್ದ ಮಗುವಿನಿಂದ ನಗೆಯನ್ನು ಕೇಳಿದಂತೆ. ಎರಡು ವರ್ಷ ತುಂಬುವವರೆಗೆ ನೋಟ, ನಗೆ, ಕೂರುವುದು, ನಡೆಯುವುದು ಎಲ್ಲವನ್ನೂ ತಿದ್ದಿದ ವಯಸ್ಸಿನಿಂದಲೇ ಅಳೆಯಬೇಕು. ಲಸಿಕೆಗಳು ಮಾತ್ರ ಹುಟ್ಟಿದ ದಿನದ ಲೆಕ್ಕದಂತೆಯೇ ನಡೆಯುತ್ತವೆ, ಅದನ್ನು ಮುಂದೂಡಬಾರದು. ಪಕ್ಕದ ಮನೆಯ ಮಗುವಿನೊಂದಿಗೆ, ಓರಗಿತ್ತಿಯ ಮಗುವಿನೊಂದಿಗೆ ಹೋಲಿಸುವುದನ್ನು ಬಿಟ್ಟರೆ ಬಾಣಂತಿಯ ಅರ್ಧ ಸಂಕಟ ಇಳಿಯುತ್ತದೆ.

ಕಾಲದ ವ್ಯತ್ಯಾಸವೊಂದೇ ಅಲ್ಲ, ನೋಡುವ ರೀತಿಯಲ್ಲೂ ವ್ಯತ್ಯಾಸವಿರಬಹುದು. ಅದರಲ್ಲೂ 32 ವಾರಗಳಿಗಿಂತ ಮೊದಲು ಹುಟ್ಟಿದ, ಬಹುಕಾಲ ಕಾಯಿಲೆಯಲ್ಲಿ ನರಳಿದ ಮಕ್ಕಳಲ್ಲಿ ಇದು ಹೆಚ್ಚು. ಒಂದು ಚಿತ್ರವನ್ನು ಅಥವಾ ಮುಖವನ್ನು ಅವರು ಹೆಚ್ಚು ಹೊತ್ತು ನೋಡುತ್ತಾರೆ. ಅಜ್ಜಿಯರು ಇದನ್ನು ಜಾಣತನವೆನ್ನುವುದುಂಟು. ವಾಸ್ತವವಾಗಿ ನೋಡಿದ್ದನ್ನು ಗ್ರಹಿಸಲು ಆ ಎಳೆಯ ಮೆದುಳಿಗೆ ಹೆಚ್ಚು ಸಮಯ ಬೇಕಾಗುತ್ತದೆ. ಒಂದರಿಂದ ನೋಟ ಕಿತ್ತು ಇನ್ನೊಂದರ ಮೇಲೆ ಇಡುವುದೂ ನಿಧಾನ. ಬೇಗ ಆಯಾಸಗೊಂಡು ಮುಖ ತಿರುಗಿಸುವುದೂ ಉಂಟು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸುವ ಅಭ್ಯಾಸವಿರುವ ನಮ್ಮ ಭಕ್ತರಿಗೆ ನೋಟವನ್ನು ಒಂದೆಡೆ ನೆಲೆಗೊಳಿಸುವುದು ಎಷ್ಟು ಶ್ರಮದ ಕೆಲಸವೆಂದು ಹೇಳಬೇಕಾಗಿಲ್ಲ. ಒಂದೂವರೆ ಕಿಲೋ ತೂಕದ ಶಿಶು ತಾಯಿಯ ಮುಖವನ್ನು ನೋಡುವಾಗ ಅದಕ್ಕಿಂತ ದೊಡ್ಡ ಶ್ರಮವನ್ನೇ ಮಾಡುತ್ತಿರುತ್ತದೆ.

ಆ ಶ್ರಮ ಮಿತಿ ಮೀರಿದಾಗ ಮಗು ತನ್ನದೇ ಭಾಷೆಯಲ್ಲಿ ಹೇಳುತ್ತದೆ: ಆಕಳಿಸುತ್ತದೆ, ಬಿಕ್ಕಳಿಸುತ್ತದೆ, ಸೀನುತ್ತದೆ, ಬೆರಳುಗಳನ್ನು ಅಗಲಿಸುತ್ತದೆ, ಮೈಬಣ್ಣ ಬದಲಾಗುತ್ತದೆ, ಕಣ್ಣನ್ನು ಪಕ್ಕಕ್ಕೆ ಹೊರಳಿಸುತ್ತದೆ. ತಾಯಿಗೆ ಮಗು ತನ್ನನ್ನು ಒಲ್ಲದೆ ಮುಖ ತಿರುಗಿಸಿತೆಂದು ತೋರುತ್ತದೆ. ಹಾಗಲ್ಲ, ಅದು ವಿಶ್ರಾಂತಿ ಕೇಳುತ್ತಿದೆ. ಮಾತು ನಿಲ್ಲಿಸಿ ಸುಮ್ಮನೆ ಎತ್ತಿಕೊಂಡಿದ್ದರೆ ಕೆಲವು ನಿಮಿಷಗಳ ನಂತರ ತಾನೇ ಮತ್ತೆ ನೋಡುತ್ತದೆ. ನಾಮಕರಣದ ದಿನ ತೊಟ್ಟಿಲಿನ ಮೇಲೆ ಹತ್ತು ಮುಖಗಳು ಒಟ್ಟಿಗೆ ಬಾಗಿ, ಚಿಟಿಕೆ ಹೊಡೆದು, ಗಿಲಕಿ ಆಡಿಸಿ, ಮೊಬೈಲಿನ ಬೆಳಕು ಬಿಟ್ಟು ಫೋಟೋ ತೆಗೆಯುವುದು ಇಂತಹ ಮಗುವಿಗೆ ಹಿಂಸೆ. ಒಮ್ಮೆಗೆ ಒಂದು ಮುಖ, ಒಂದು ದನಿ ಸಾಕು.

ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಗುವಿನ ನೋಟದಲ್ಲಿ ಇನ್ನೊಂದು ದೊಡ್ಡ ಹೆಜ್ಜೆ ಕಾಣುತ್ತದೆ. ಅಂಗಳದಲ್ಲಿ ಅನ್ನ ಉಣಿಸುತ್ತ ತಾಯಿ ಚಂದಮಾಮನನ್ನು ತೋರಿಸುತ್ತಾಳೆ. ಮೊದಲು ಮಗು ಅವಳ ಬೆರಳನ್ನೇ ನೋಡುತ್ತದೆ. ಕೆಲವು ವಾರಗಳಾದ ಮೇಲೆ ಬೆರಳು ತೋರಿದ ಕಡೆಗೆ ನೋಡುತ್ತದೆ, ನೋಡಿ ಮತ್ತೆ ತಾಯಿಯ ಮುಖಕ್ಕೆ ಮರಳುತ್ತದೆ. “ನೀನು ನೋಡಿದ್ದನ್ನೇ ನಾನೂ ನೋಡಿದೆ” ಎಂಬ ಈ ಹಂಚಿಕೊಳ್ಳುವಿಕೆಯೇ ಮಾತಿನ ಬೇರು. ಅವಧಿಪೂರ್ವ ಶಿಶುಗಳಲ್ಲಿ ಇದು ಕೆಲವೊಮ್ಮೆ ತಡವಾಗುತ್ತದೆ, ತಾವಾಗಿಯೇ ಬೆರಳು ಚಾಚಿ ತೋರಿಸುವುದು ಕಡಿಮೆಯಿರುತ್ತದೆ. ಆದರೆ ಆಶಾದಾಯಕ ಸಂಗತಿಯೂ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಹುಟ್ಟಿದರೂ ಆರೋಗ್ಯವಾಗಿದ್ದ ಶಿಶುಗಳು ಇತರರ ದೃಷ್ಟಿ ಹೋದ ಕಡೆ ನೋಡುವುದನ್ನು ತಿದ್ದಿದ ವಯಸ್ಸಿನ ಲೆಕ್ಕಕ್ಕಿಂತ ಮುಂಚೆಯೇ ಕಲಿತಿದ್ದುದು ಕಂಡುಬಂದಿತು. ಹೊರಜಗತ್ತಿನಲ್ಲಿ ಮುಖಗಳೊಡನೆ ಕಳೆದ ಹೆಚ್ಚಿನ ವಾರಗಳು ಅವುಗಳಿಗೆ ಪಾಠವಾಗಿದ್ದವು. ಮಗುವಿನ ನರಗಳು ತಮ್ಮ ಪಂಚಾಂಗದಂತೆಯೇ ಬಲಿಯಲಿ. ಮುಖ ತೋರಿಸುವ ನಮ್ಮ ಕೆಲಸ ಮೊದಲ ದಿನದಿಂದಲೇ ಫಲ ಕೊಡುತ್ತದೆ.

ಕಾಯಬಾರದ ಪರೀಕ್ಷೆ

ಇಷ್ಟೆಲ್ಲ ಹೇಳಿದ್ದು ಕಣ್ಣಿನ ಪರದೆ ಚೆನ್ನಾಗಿದ್ದರೆ ಮಾತ್ರ. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳಲ್ಲಿ ನಡುವಿನಿಂದ ಅಂಚಿನ ಕಡೆಗೆ ಹಬ್ಬಲು ಆರಂಭಿಸುತ್ತವೆ. ಮೂಗಿನ ಕಡೆಯ ಅಂಚನ್ನು ಮುಟ್ಟುವುದು ಸುಮಾರು 36 ವಾರಕ್ಕೆ, ಕಪೋಲದ ಕಡೆಯ ಅಂಚನ್ನು ಮುಟ್ಟುವುದು ಸುಮಾರು 40 ವಾರಕ್ಕೆ. ಮಗು ಮೊದಲೇ ಹುಟ್ಟಿದರೆ ನಾಳಗಳ ಈ ಹಬ್ಬುವಿಕೆ ಅರ್ಧಕ್ಕೆ ನಿಲ್ಲುತ್ತದೆ. ಜೀವ ಉಳಿಸಲು ಕೊಡುವ ಆಮ್ಲಜನಕ ಹೆಚ್ಚಾದರೂ ನಿಲ್ಲುತ್ತದೆ. ಬಳಿಕ ಹಸಿದ ಅಕ್ಷಿಪಟಲದ ಕರೆಗೆ ಓಗೊಟ್ಟು ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ, ಪರದೆಯನ್ನು ಎಳೆದು ಕಿತ್ತುಬಿಡುತ್ತವೆ. ಇದನ್ನು ವೈದ್ಯರು ಆರ್‌ಒಪಿ ಎಂದು ಕರೆಯುತ್ತಾರೆ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕ, ಯೂರೋಪುಗಳಲ್ಲಿ ಸಾವಿರಾರು ಶಿಶುಗಳು ಇದರಿಂದ ಕುರುಡಾದವು. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ನಮ್ಮಲ್ಲಿ ಈ ರೋಗ ಹೆಚ್ಚಾದುದಕ್ಕೆ ಕಾರಣ ಒಂದು ರೀತಿಯಲ್ಲಿ ಒಳ್ಳೆಯದೇ: ಹಿಂದೆ ಬದುಕದಿದ್ದ ಮಕ್ಕಳು ಈಗ ಬದುಕುತ್ತಿದ್ದಾರೆ.

ಈ ರೋಗದಲ್ಲಿ ಮಗುವಿನ ಕಣ್ಣು ಹೊರಗಿನಿಂದ ಹೊಳೆಯುತ್ತ ಚೆನ್ನಾಗಿಯೇ ಕಾಣುತ್ತದೆ. ಕೆಂಪಿಲ್ಲ, ನೀರಿಲ್ಲ, ನೋವಿಲ್ಲ. ಪಾಪೆಯಲ್ಲಿ ಬಿಳಿಯ ಛಾಯೆ ಕಾಣುವ ಹೊತ್ತಿಗೆ ಪರದೆ ಕಿತ್ತುಹೋಗಿರುತ್ತದೆ. ಶ್ರೀನಿವಾಸಪುರದ ಕಡೆಯ ಒಂದು ಮಗುವನ್ನು ಎಂಟನೆಯ ತಿಂಗಳಲ್ಲಿ ನಮ್ಮಲ್ಲಿಗೆ ಕರೆತಂದರು. ದೃಷ್ಟಿ ತಾಗಿದೆಯೆಂದು ಅಲ್ಲಿಯವರೆಗೆ ತಾಯಿತ ಕಟ್ಟಿಸಿದ್ದರು. ನಾವು ಪಾಪೆಗೆ ಬೆಳಕು ಹಿಡಿದೊಡನೆ ತಿಳಿಯಿತು. ಬೆಂಗಳೂರಿಗೆ ಕಳುಹಿಸಿದೆವು, ಅಲ್ಲಿಯೂ ಮಾಡಲು ಏನೂ ಉಳಿದಿರಲಿಲ್ಲ. ಅದೇ ಮಗುವನ್ನು ಹುಟ್ಟಿದ ನಾಲ್ಕನೆಯ ವಾರದಲ್ಲಿ ನೋಡಿದ್ದರೆ ಲೇಸರ್‌ನಿಂದ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚಿತ್ತು.

ನಿಯಮ ಸರಳವಾಗಿದೆ. 34 ವಾರಗಳಿಗಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಪ್ರತಿ ಮಗುವಿಗೂ ಹುಟ್ಟಿದ 30 ದಿನಗಳೊಳಗೆ ಅಕ್ಷಿಪಟಲದ ಪರೀಕ್ಷೆ ಆಗಬೇಕು. 28 ವಾರಗಳಿಗಿಂತ ಮೊದಲು ಹುಟ್ಟಿದ ಅಥವಾ 1,200 ಗ್ರಾಂಗಿಂತ ಹಗುರಾದ ಮಗುವಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. 34ರಿಂದ 36 ವಾರಗಳಲ್ಲಿ ಹುಟ್ಟಿದ್ದರೂ ಬಹಳ ದಿನ ಆಮ್ಲಜನಕದಲ್ಲಿದ್ದರೆ, ಸೋಂಕಾಗಿದ್ದರೆ ವೈದ್ಯರನ್ನು ಕೇಳಿ ಮಾಡಿಸಬೇಕು. ಇಲ್ಲಿ ತಿದ್ದಿದ ವಯಸ್ಸಿನ ಲೆಕ್ಕ ಹಿಡಿದು ತಡಮಾಡಬೇಡಿ. ಈ 30 ದಿನಗಳು ಹುಟ್ಟಿದ ದಿನದಿಂದಲೇ ಎಣಿಸತಕ್ಕವು.

ಈ ಮೂವತ್ತು ದಿನಗಳು ನಮ್ಮ ಬಾಣಂತನದ ನಲವತ್ತು ದಿನಗಳ ಒಳಗೇ ಬೀಳುತ್ತವೆ. ಬಾಣಂತಿ ತವರಿನ ಒಳಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾಳೆ. ಆಸ್ಪತ್ರೆಯ ಚೀಟಿ ಗಂಡನ ಮನೆಯಲ್ಲಿ ಉಳಿದಿರುತ್ತದೆ. ಶೀತ ತಾಗುತ್ತದೆ, ಮಗುವನ್ನು ಹೊರಗೆ ಒಯ್ಯಬಾರದು ಎನ್ನುತ್ತಾರೆ ಹಿರಿಯರು. ಎಳೆಯ ಮಗುವನ್ನು ಗಾಳಿ, ಜನಜಂಗುಳಿಗಳಿಂದ ಕಾಪಾಡಬೇಕೆಂಬ ಅವರ ಮಾತಿನಲ್ಲಿ ಹುರುಳಿದೆ. ನಾಲ್ಕನೆಯ ತಿಂಗಳಲ್ಲಿ ನಿಷ್ಕ್ರಮಣವೆಂಬ ಸಂಸ್ಕಾರ ಮಾಡಿ ಹೊರಗೆ ತರುವ ವಾಡಿಕೆ ನಮ್ಮ ಗ್ರಂಥಗಳಲ್ಲೂ ಇದೆ. ಆದರೆ ಚಿಕಿತ್ಸೆಗಾಗಿ ಹೊರಡುವುದು ನಿಷ್ಕ್ರಮಣವಲ್ಲ. ಟೋಪಿ, ಕಾಲುಚೀಲ ತೊಡಿಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಗುವನ್ನು ಕಟ್ಟಿಕೊಂಡು ಹೊರಟರೆ ಮುಳಬಾಗಿಲಿನಿಂದಲೋ ಮಾಲೂರಿನಿಂದಲೋ ಕೋಲಾರ ಸುಮಾರು 30 ಕಿಲೋಮೀಟರ್, ಶ್ರೀನಿವಾಸಪುರದಿಂದ ಇನ್ನೂ ಹತ್ತಿರ.

ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಾಗಲಿ, ಮಗು ಎಲ್ಲಿ ದಾಖಲಾಗಿತ್ತೋ ಅಲ್ಲಿಂದ ಬಿಡುಗಡೆಯಾಗುವ ದಿನವೇ “ಅಕ್ಷಿಪಟಲದ ಪರೀಕ್ಷೆ ಆಗಿದೆಯೇ, ಮುಂದಿನದು ಯಾವ ದಿನ, ಎಲ್ಲಿ” ಎಂದು ಕೇಳಿ ಬರೆಸಿಕೊಳ್ಳಬೇಕು. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಬೆಂಗಳೂರಿನದೇ ನಾರಾಯಣ ನೇತ್ರಾಲಯವು 2008ರಲ್ಲಿ ಕಿಡ್ರಾಪ್ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನೇ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಅಕ್ಷಿಪಟಲದ ಚಿತ್ರ ತೆಗೆದು ಅಂತರ್ಜಾಲದ ಮೂಲಕ ದೂರದ ತಜ್ಞರಿಗೆ ಕಳುಹಿಸುತ್ತಾರೆ. ಕರ್ನಾಟಕದ ಹಳ್ಳಿಗಾಡಿನ ಮಕ್ಕಳಿಗಾಗಿ ರೂಪುಗೊಂಡ ಈ ಕ್ರಮ ಹೊರಗಿನವರಿಗೂ ಮಾದರಿಯಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಈ ರೋಗ ಸೇರಿದೆ. ಕಾಯಿಲೆಯ ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ವಾಹನವೂ ಉಚಿತವೆಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ.

ಪರೀಕ್ಷೆ ನೋಡಲು ಕಷ್ಟವೆನಿಸುತ್ತದೆ. ಪಾಪೆ ಹಿಗ್ಗುವ ಹನಿ ಹಾಕುತ್ತಾರೆ, ರೆಪ್ಪೆಗಳನ್ನು ಸಣ್ಣ ಉಪಕರಣದಿಂದ ಅಗಲಿಸುತ್ತಾರೆ, ಮಗು ಜೋರಾಗಿ ಅಳುತ್ತದೆ. ಅದನ್ನು ಕಂಡು ಮಗುವನ್ನು ಕಿತ್ತುಕೊಂಡು ಮನೆಗೆ ಬಂದ ಅಜ್ಜಂದಿರನ್ನು ನಾವು ಬಲ್ಲೆವು. ಕೆಲವೇ ನಿಮಿಷಗಳ ಅಳು ಅದು. ವಾಂತಿಯಾಗದಂತೆ ಪರೀಕ್ಷೆಗೆ ಸ್ವಲ್ಪ ಮೊದಲು ಹಾಲು ನಿಲ್ಲಿಸಲು ಹೇಳುತ್ತಾರೆ, ಹಾಗೆಯೇ ಮಾಡಿ. ಒಂದು ಸಲ “ಸರಿಯಾಗಿದೆ” ಎಂದರೆ ಮುಗಿಯಲಿಲ್ಲ. ನಾಳಗಳು ಅಂಚು ಮುಟ್ಟುವವರೆಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಕರೆಯುತ್ತಾರೆ. ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನಗಳೊಳಗೆ ಮಾಡಿಸಬೇಕು, ಅಮಾವಾಸ್ಯೆ ಕಳೆಯಲೆಂದು ಕೂರುವಂತಿಲ್ಲ.

ಆಯುರ್ವೇದ ಓದಿದವರಾಗಿ ನಾವೇ ಹೇಳಬೇಕಾದ ಮಾತೊಂದಿದೆ. ಈ ರೋಗಕ್ಕೆ ನಮ್ಮಲ್ಲಿ ಔಷಧವಿಲ್ಲ. ತ್ರಿಫಲಾ ಘೃತ, ನೇತ್ರತರ್ಪಣ, ಅಂಜನಗಳಿಗೆ ಅವುಗಳದೇ ಸ್ಥಾನವಿದೆ. ತಿಂಗಳು ತುಂಬದ ಶಿಶುವಿನ ಅಕ್ಷಿಪಟಲ ಆ ಸ್ಥಾನವಲ್ಲ. ಯಾರಾದರೂ ಕೊಡುತ್ತೇನೆಂದರೆ ನಂಬಬೇಡಿ. ಕಣ್ಣು ದೊಡ್ಡದಾಗಲೆಂದು ಕಾಡಿಗೆ ತೀಡುವುದು, ಹರಳೆಣ್ಣೆ, ಜೇನು, ಎದೆಹಾಲಿನ ಹನಿ ಬಿಡುವುದು ಇವೆಲ್ಲ ಸೋಂಕಿಗೆ ದಾರಿ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವೂ ಇರುತ್ತದೆ. ಹಣೆಗೆ ವಿಭೂತಿಯನ್ನು ಕಣ್ಣಿಗೆ ಉದುರದಂತೆ ಒದ್ದೆ ಬೆರಳಿನಿಂದ ತೆಳುವಾಗಿ ಇಟ್ಟರೆ ಸಾಕು. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯನ್ನು ಈ ಮಗುವಿನ ಶ್ವಾಸಕೋಶ ತಾಳದು.

ಮನೆಯಲ್ಲಿ ಮಾಡುವುದು

ಎಲ್ಲಕ್ಕಿಂತ ಮೊದಲನೆಯದು ಎದೆಗೆ ಎದೆ ತಾಗಿಸಿ ಮಗುವನ್ನು ಹೊರುವ ಕಾಂಗರೂ ಆರೈಕೆ. ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ 1978-79ರ ಸುಮಾರಿಗೆ ಕೊಲಂಬಿಯಾದ ಬೊಗೋಟಾ ನಗರದ ವೈದ್ಯರು ಆರಂಭಿಸಿದ ಈ ಕ್ರಮವನ್ನು ದಿನಕ್ಕೆ 8ರಿಂದ 24 ಗಂಟೆಗಳವರೆಗೆ ಮಾಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದೊಂದಿಗೆ ಸೇರಿ ಆಸ್ಪತ್ರೆ ಮತ್ತು ಮನೆ ಎರಡೂ ಕಡೆ ಇದನ್ನು ನೆಲೆಗೊಳಿಸಿದ್ದಾರೆ. ತಂದೆಯೂ ಹೊರಬಹುದು, ಅಜ್ಜಿಯೂ ಹೊರಬಹುದು. ಮೈಬಿಸಿ, ಹಾಲು, ತೂಕಗಳಿಗೆ ಇದು ಒಳ್ಳೆಯದೆಂಬುದು ಎಲ್ಲರಿಗೂ ಗೊತ್ತು. ಎಚ್ಚರಗೊಂಡ ಮಗುವಿಗೆ ಒಂದು ಗೇಣಿನಲ್ಲಿ ಮುಖ ಸಿಗುವುದೂ ಇದರಿಂದಲೇ.

ಹಾಲು ಕುಡಿಸುವಾಗ ಮೊಬೈಲನ್ನು ಪಕ್ಕಕ್ಕಿಡಿ. ಈಚೆಗೆ ನಮಗೆ ಹೆಚ್ಚು ಚಿಂತೆ ತಂದಿರುವುದು ಇದೇ. ಮಗು ಬಹು ಪ್ರಯಾಸದಿಂದ ಕಣ್ಣೆತ್ತಿ ನೋಡುವಾಗ ತಾಯಿಯ ಕಣ್ಣು ಪರದೆಯ ಮೇಲಿರುತ್ತದೆ. ಬಾಣಂತಿ ಕೋಣೆ ಕಗ್ಗತ್ತಲೆಯಾಗಿರಬಾರದು. ಹಗಲಿನಲ್ಲಿ ಮೃದುವಾದ ಬೆಳಕಿರಲಿ, ರಾತ್ರಿ ಕತ್ತಲಿರಲಿ. ಆಟಿಕೆಗಳು ಬಣ್ಣಬಣ್ಣವಾಗಿ, ಸದ್ದು ಮಾಡುವಂತೆ, ಹಗುರಾಗಿ, ಚೂಪಿಲ್ಲದೆ, ಬಾಯೊಳಗೆ ಹೋಗದಷ್ಟು ದೊಡ್ಡದಾಗಿ, ಹೆದರಿಸದಂತೆ ಇರಬೇಕೆಂಬ ಚರಕನ ಮಾತು ಇಂದಿಗೂ ಒಪ್ಪುವಂಥದ್ದು.

ತಿದ್ದಿದ ವಯಸ್ಸಿನ ಲೆಕ್ಕದಲ್ಲಿ ಎರಡು ತಿಂಗಳಾದರೂ ಮುಖದ ಮೇಲೆ ನೋಟ ನಿಲ್ಲದಿದ್ದರೆ, ಮೂರು ತಿಂಗಳಾದರೂ ನಗದಿದ್ದರೆ, ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸದಿದ್ದರೆ ವೈದ್ಯರಿಗೆ ತೋರಿಸಿ. ನಾಲ್ಕು ತಿಂಗಳ ನಂತರವೂ ಮೆಳ್ಳೆಗಣ್ಣು ಉಳಿದರೂ ತೋರಿಸಬೇಕು. ಕಣ್ಣುಗುಡ್ಡೆ ಸುಮ್ಮನೆ ಅಲೆಯುತ್ತಿದ್ದರೆ, ಪಾಪೆ ಬಿಳಿಯಾಗಿ ಕಂಡರೆ ಯಾವ ವಯಸ್ಸಾದರೂ ಅದೇ ದಿನ ಹೊರಡಿ. ಹತ್ತು ತಿಂಗಳಿಗೂ ಹೆಸರು ಕೂಗಿದರೆ ತಿರುಗದಿದ್ದರೆ, ಒಂದು ವರ್ಷ ದಾಟಿದರೂ ತೋರಿದ ಕಡೆ ನೋಡದಿದ್ದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರದಲ್ಲಿ ಬೆಳವಣಿಗೆಯನ್ನು ಪರಿಶೀಲಿಸಿಕೊಳ್ಳಿ. ಆಗಲೂ “ತಿಂಗಳು ತುಂಬದ್ದು, ನಿಧಾನ” ಎಂದು ಸಮಾಧಾನ ಹೇಳಿಕೊಳ್ಳುತ್ತ ಕೂರಬಾರದು. ಈ ಮಕ್ಕಳಲ್ಲಿ ಸಮೀಪದೃಷ್ಟಿ, ಮೆಳ್ಳೆಗಣ್ಣು, ಗಮನ ನಿಲ್ಲಿಸುವ ತೊಂದರೆಗಳು ಇತರರಿಗಿಂತ ಹೆಚ್ಚಾದ್ದರಿಂದ ಶಾಲೆಗೆ ಸೇರುವವರೆಗೂ ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು ಲೇಸು.

ನಮ್ಮಲ್ಲಿಗೆ ಬರುವಾಗ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ತಪ್ಪದೆ ತನ್ನಿ. ಎಷ್ಟನೆಯ ವಾರದಲ್ಲಿ ಹೆರಿಗೆಯಾಯಿತು, ಹುಟ್ಟಿದಾಗಿನ ತೂಕವೆಷ್ಟು, ಎಷ್ಟು ದಿನ ಆಮ್ಲಜನಕ ಕೊಟ್ಟರು, ಅಕ್ಷಿಪಟಲದ ಪರೀಕ್ಷೆ ಯಾವ ದಿನ ಆಯಿತು ಎಂಬುದನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಬಾಣಂತಿ ತವರಿಗೆ ಹೊರಡುವಾಗ ಆ ಕಾರ್ಡು ಅವಳ ಚೀಲದಲ್ಲೇ ಇರಲಿ.